ನಾಲ್ಕೇ ವಾರನಾ?

ಸೋಮವಾರ ಆಫೀಸಿನಲ್ಲಿ ನನ್ನ ಮರ್ಯಾದೆ ಹೋಯಿತು. ಎರಡು ತಿಂಗಳ ಹಿಂದೆ ಗ್ರಾಹಕರೊಬ್ಬರಿಗೆ ಒಂದೇ ಆರ್ಡರಿಗೆ ಎರಡು ಸಲ ದುಡ್ಡು ಕಟ್ ಆಗಿತ್ತಂತೆ. ಆ ದಿನದ ಲಾಗ್ (ಸರ್ವರಿನಲ್ಲಿ ಏನೇನಾಯಿತು ಅಂತ ತಾನಾಗಿ ಬರೆದುಕೊಳ್ಳುವ ದಾಖಲೆ) ಬೇಕು ಅಂತ ಅಕೌಂಟ್ಸಿನ ಹಿರಿಯರು ಬಂದು ಪಕ್ಕದಲ್ಲೇ ಕೂತರು. ಹುಡುಕಿದೆ. ಇಲ್ಲ. ನಮ್ಮ ಸರ್ವರ್‌ಗಳ ಆಪರೇಟಿಂಗ್ ಸಿಸ್ಟಂ ಉಬುಂಟುವಿನಲ್ಲಿ ಹಳೇ ಲಾಗ್ ಅಳಿಸುತ್ತಾ ಹೋಗುವ ಲಾಗ್‌ರೊಟೇಟ್ ತಾನಾಗಿ ಇಟ್ಟುಕೊಳ್ಳುವುದು ನಾಲ್ಕು ವಾರದ ಹಳೇ ಫೈಲು ಅಷ್ಟೇ. ಕೆಲಸ ಬಿಟ್ಟು ಹೋದ ನಮ್ಮ ಸೀನಿಯರ್ ಅದೇ ಸೆಟ್ಟಿಂಗನ್ನು ನಮ್ಮ ಆ್ಯಪಿಗೂ ಕಾಪಿ ಹೊಡೆದಿದ್ದರು. ಜಾಣ ಮನುಷ್ಯ, ಆದರೆ ಬೇಸರದ ಕೆಲಸ ಅಂದರೆ ಆಗದು.

"ನಾಲ್ಕೇ ವಾರನಾ?" ಅಂದರು ಅಕೌಂಟ್ಸಿನ ಹಿರಿಯರು. ಬೈಯಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು. "ನಾವು 8 ವರ್ಷದ ಲೆಕ್ಕ ಇಡ್ತೀವಮ್ಮ."

ರಾತ್ರಿ ಮಲಗಿದರೂ ಅದೇ, ನಾಲ್ಕೇ ವಾರನಾ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲೇ 180 ದಿನದ ಲಾಗ್ ಇಡಬೇಕು ಅಂದಿದೆ, ಅದು ನನಗೂ ಗೊತ್ತಿತ್ತು!

ಮಂಗಳವಾರ ಲೆಕ್ಕ ಹಾಕಿದೆ. ನಾಲ್ಕು ಸರ್ವರ್, ದಿನಕ್ಕೆ ಒಟ್ಟು 3 ಜಿಬಿ, 180 ದಿನಕ್ಕೆ 540. ಬಾಸ್ ಮುಖ ಸಿಂಡರಿಸಿದರು. ಲಾಗ್ ಕೂಡಿಟ್ಟು ಹುಡುಕಲು ಎರಡು ಸಾಫ್ಟ್‌ವೇರ್ ನೋಡಿದೆ. ಎಲಾಸ್ಟಿಕ್‌ಸರ್ಚ್ ಪ್ರತಿ ಪದಕ್ಕೂ ಇಂಡೆಕ್ಸ್ (ಬೇಗ ಹುಡುಕಲು ಬೇಕಾದ ಪಟ್ಟಿ) ಮಾಡುತ್ತದೆ, ಜಾಗ ಜಾಸ್ತಿ ತಿನ್ನುತ್ತದೆ. ಲೋಕಿ ಬರೀ ಲೇಬಲ್‌ಗಳಿಗೆ, ಅಂದರೆ ಯಾವ ಸರ್ವರ್, ಯಾವ ಆ್ಯಪ್ ಅನ್ನೋ ಚೀಟಿಗಳಿಗೆ, ಇಂಡೆಕ್ಸ್ ಮಾಡಿ ಉಳಿದದ್ದನ್ನು ಒತ್ತಿ ಕಟ್ಟಿಡುತ್ತದೆ, ಹುಡುಕುವಾಗ ಸ್ವಲ್ಪ ನಿಧಾನ ಆಗಬಹುದು. ಆಗಲಿ ಬಿಡಿ, ನಾವೇನು ದಿನಾ ಹುಡುಕುತ್ತೀವಾ? ಅದನ್ನೇ ಹಾಕಿದೆ.

ಹಾಕಿದ ಮೇಲೆ ನೋಡಿದರೆ ಒಂದೇ ಆರ್ಡರ್ ಒಂದು ಸರ್ವರಿನಲ್ಲಿ ಬೆಳಿಗ್ಗೆ 10ಕ್ಕೆ, ಇನ್ನೊಂದರಲ್ಲಿ 4:30ಕ್ಕೆ. ಒಂದು ನಮ್ಮ ಟೈಮು, ಇನ್ನೊಂದು ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಟೈಮು. ಇಷ್ಟು ವರ್ಷ ಎಲ್ಲ ಬೇರೆ ಬೇರೆ ಕಡೆ ಬಿದ್ದಿದ್ದಕ್ಕೆ ಯಾರಿಗೂ ಕಂಡಿರಲಿಲ್ಲ. ಎಲ್ಲದಕ್ಕೂ ಯುಟಿಸಿ ಹಾಕಿ ಅರ್ಧ ದಿನ ಕಳೆದೆ.

ಗುರುವಾರ ಹಿರಿಯರನ್ನೇ ಕರೆದು ತೋರಿಸಿದೆ, ಸ್ವಲ್ಪ ಜಂಬದಿಂದಲೇ. ಅವರು ಪರದೆಗೆ ಮುಖ ಹತ್ತಿರ ತಂದು ಓದಿದರು. "ಇದು ಗ್ರಾಹಕರ ಫೋನ್ ನಂಬರ್ ಅಲ್ವಾ? ಪಕ್ಕದ್ದು ಓಟಿಪಿ?"

ಹೌದು. ಯಾರೋ ಯಾವತ್ತೋ ಟೆಸ್ಟಿಂಗಿಗೆ ಅಂತ ಕೋಡಿನಲ್ಲಿ ಹಾಕಿದ ಸಾಲು, ತೆಗೆಯೋದು ಮರೆತಿದ್ದಾರೆ. ಅದನ್ನು ನಾನು ಆರು ತಿಂಗಳು ಜೋಪಾನ ಮಾಡಲು ಹೊರಟಿದ್ದೆ.

"ಇದನ್ನೂ 180 ದಿನ ಇಡ್ತೀರಾ?" ಅಂದರು. ಈ ಸಲ ನಗುತ್ತಿದ್ದರು. ಪುಣ್ಯಾತ್ಮ, ಬೈದಿದ್ದರೇ ವಾಸಿ ಇತ್ತು. ಇವತ್ತು ಶನಿವಾರ, ರಜ ಇದ್ದರೂ ಆಫೀಸಿನಲ್ಲಿ ಕೂತು ಆ ಸಾಲು ಎಲ್ಲೆಲ್ಲಿದೆ ಅಂತ ಹುಡುಕುತ್ತಿದ್ದೇನೆ. ಇಲ್ಲಿಯವರೆಗೆ ಹನ್ನೊಂದು ಕಡೆ ಸಿಕ್ಕಿದೆ.