ಗುಬ್ಬಿಯೋದ ಓಟದಲ್ಲಿ ಗೆಲ್ಲೋರು ಯಾರು?

ಗುಬ್ಬಿಯೋಗೆ ಹೋಗ್ತಿದ್ದೀನಿ ಅಂತ ಫೋನಿನಲ್ಲಿ ಹೇಳಿದರೆ ಅಮ್ಮ, "ಗುಬ್ಬಿಗಾ? ತುಮಕೂರಿನ ಹತ್ತಿರದ್ದಾ? ಅದಕ್ಕೆ ಇಟಲಿಗೆ ಯಾಕೆ ಹೋದೆ?" ಅಂದರು. ಆ ಗುಬ್ಬಿಗೂ ಈ ಗುಬ್ಬಿಯೋಗೂ ಸಂಬಂಧವಿಲ್ಲ. ಇದು ಇಟಲಿಯ ನಡುಮಧ್ಯೆ, ಉಂಬ್ರಿಯಾ ಪ್ರಾಂತ್ಯದಲ್ಲಿ, ಇಂಜಿನೊ ಅನ್ನೋ ಬೆಟ್ಟಕ್ಕೆ ಒರಗಿ ಕೂತ ಹಳೇ ಕಲ್ಲಿನ ಊರು. ರೈಲು ಊರೊಳಗೆ ಬರೋದಿಲ್ಲ. ಹತ್ತಿರದ ನಿಲ್ದಾಣ ಫೊಸ್ಸಾತೊ ದಿ ವಿಕೊದಲ್ಲಿದೆ, ಅಲ್ಲಿಂದ ಸುಮಾರು 20 ಕಿಲೋಮೀಟರ್. ನಾವು ಪೆರೂಜಾದಿಂದ ಬಸ್ಸಿನಲ್ಲಿ ಹೋದೆವು.

ನಾವು ಅಂದರೆ ನಾನು ಮತ್ತು ನಮ್ಮ ಅಕ್ಕನ ಮಗ. ಅವನು ಪೆರೂಜಾದಲ್ಲಿ ಓದುತ್ತಿದ್ದಾನೆ. ಅವನ ಗೆಳೆಯನ ಮನೆ ಗುಬ್ಬಿಯೋದಲ್ಲಿ. "ಚಿಕ್ಕಮ್ಮ, ಮೇ 15ಕ್ಕೆ ಬರೋದಾದ್ರೆ ಬಾ, ಬೇರೆ ದಿನ ಬಂದ್ರೆ ಬರೀ ಕಲ್ಲು ನೋಡ್ಬೇಕು" ಅಂದಿದ್ದ. ಅವನ ಮಾತು ಸ್ವಲ್ಪ ಜಾಸ್ತಿನೇ ಆಯ್ತು, ಆ ಕಲ್ಲುಗಳೂ ಚೆನ್ನಾಗಿವೆ. ಆದರೆ ನಾವು ನೋಡಿದ್ದು ಕಲ್ಲನ್ನಲ್ಲ.

ಊರಿನ ಸಂತ ಉಬಾಲ್ದೋ. ಇಲ್ಲಿಯ ಬಿಷಪ್ ಆಗಿದ್ದವರು, ತೀರಿಕೊಂಡಿದ್ದು 1160ರ ಮೇ 16ಕ್ಕೆ. ಫ್ರೆಡರಿಕ್ ಬಾರ್ಬರೋಸ ಚಕ್ರವರ್ತಿ 1155ರಲ್ಲಿ ಸ್ಪೊಲೆತೊ ಊರನ್ನು ಸುಟ್ಟು ಬಂದಾಗ, ಎದುರಿಗೆ ಹೋಗಿ ಮಾತಾಡಿ ಗುಬ್ಬಿಯೋ ಉಳಿಸಿದವರು ಇವರೇ ಅಂತ ಊರಿನವರು ಹೇಳುತ್ತಾರೆ. 1194ರಲ್ಲಿ ಅವರ ದೇಹವನ್ನು ಬೆಟ್ಟದ ಮೇಲಕ್ಕೆ ಒಯ್ದರು. ಅಲ್ಲಿನ ಬಸಿಲಿಕಾದಲ್ಲಿ, ಅಂದರೆ ದೊಡ್ಡ ಚರ್ಚಿನಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಈಗಲೂ ಇದೆ. ಅವರು ತೀರಿಕೊಂಡ ದಿನದ ಹಿಂದಿನ ದಿನವೇ ಈ ಹಬ್ಬ.

ಹಬ್ಬದ ಹೆಸರು 'ಚೆರಿ'. ಚೆರೊ ಅಂದರೆ ಮೇಣದ ಬತ್ತಿ, ಚೆರಿ ಅದರ ಬಹುವಚನ. ಸಂತನಿಗೆ ಹರಕೆಯಾಗಿ ಒಯ್ಯುತ್ತಿದ್ದ ಮೇಣದ ಬತ್ತಿಗಳು ಹೋಗಿ ಹೋಗಿ ಮರದ ಕಂಬಗಳಾದವು. ಒಂದರ ಮೇಲೊಂದು ಇಟ್ಟ ಎರಡು ದೊಡ್ಡ ಮದ್ದಳೆಗಳನ್ನು ನೆನೆಸಿಕೊಳ್ಳಿ, ಹೆಚ್ಚುಕಡಿಮೆ ಹಾಗಿವೆ. ಎಂಟು ಮುಖ, ಒಳಗೆ ಟೊಳ್ಳು. ಟೊಳ್ಳು ಅಂದರೂ ಒಂದೊಂದೂ ಸುಮಾರು 280 ಕಿಲೋ. ತುದಿಯಲ್ಲಿ ಗೊಂಬೆಯಷ್ಟು ಪುಟ್ಟ ಸಂತನ ಮೂರ್ತಿ. ಮೂರು ಚೆರಿ, ಮೂರು ಸಂತರು: ಗಾರೆ ಕೆಲಸದವರಿಗೆ ಉಬಾಲ್ದೋ, ವ್ಯಾಪಾರಿಗಳಿಗೆ ಜಾರ್ಜ್, ರೈತರಿಗೆ ಆಂತೋನಿ. ಕ್ರಮವಾಗಿ ಹಳದಿ, ನೀಲಿ, ಕಪ್ಪು ಅಂಗಿ. ಬಿಳಿ ಪ್ಯಾಂಟು, ಕೆಂಪು ಸೊಂಟಪಟ್ಟಿ, ಕೊರಳಿಗೆ ಕೆಂಪು ವಸ್ತ್ರ ಎಲ್ಲರಿಗೂ ಒಂದೇ. ತಳ್ಳುಗಾಡಿಯಲ್ಲಿ ಮಲಗಿದ್ದ ಮೂರು ತಿಂಗಳ ಕೂಸಿಗೂ ಹಳದಿ ಅಂಗಿ ಹಾಕಿದ್ದರು. ಯಾವ ಬಣ್ಣ ಅನ್ನೋದು ಮನೆತನದಿಂದ ಬರೋದು, ಹಾಗಾಗಿ ಪಾಪ ಅದನ್ನು ಯಾರೂ ಕೇಳಿರಲಿಲ್ಲ.

ಬೆಳಗ್ಗೆ ಇನ್ನೂ ಸರಿಯಾಗಿ ಬೆಳಕಾಗುವ ಮೊದಲೇ ಬೀದಿಯಲ್ಲಿ ಡೋಲಿನ ಸದ್ದು. ಹಬ್ಬದ ನಾಯಕರನ್ನು ಎಬ್ಬಿಸೋಕೆ ಬರುತ್ತಾರಂತೆ. ನಾಯಕರ ಜೊತೆ ನಾವೂ ಎದ್ದೆವು.

ಹನ್ನೊಂದರ ಹೊತ್ತಿಗೆ ಪಿಯಾಜ್ಜಾ ಗ್ರಾಂದೆ ತುಂಬಿಹೋಗಿತ್ತು. ಈ ಚೌಕ ಬೆಟ್ಟದ ಇಳಿಜಾರಿಗೆ ಹೊರಚಾಚಿದ ಕಮಾನುಗಳ ಮೇಲೆ ನಿಂತಿದೆ, ಒಂಥರಾ ದೊಡ್ಡ ಬಾಲ್ಕನಿ. ಒಂದು ಬದಿಗೆ 14ನೇ ಶತಮಾನದ ಕಾನ್ಸುಲರ, ಅಂದರೆ ಆಗ ಊರು ಆಳುತ್ತಿದ್ದವರ, ಅರಮನೆ. ಅದರ ಗೋಪುರದಲ್ಲಿ 1769ರಲ್ಲಿ ಎರಕ ಹೊಯ್ದ ಗಂಟೆ. ಮೋಟರಿಲ್ಲ. ಗಂಟೆಯ ಜನ ಮೇಲೆ ಹತ್ತಿ, ಕಾಲಿನಿಂದ ಒದ್ದು ಒದ್ದು ಅದನ್ನು ತೂಗುತ್ತಾರೆ. ಕೆಳಗಿನಿಂದ ನೋಡಿದರೆ ಗಂಟೆಯ ಜೊತೆ ಅವರೂ ಉದುರಿಬಿಡ್ತಾರೇನೋ ಅನಿಸುತ್ತೆ.

ಮಧ್ಯಾಹ್ನ ಹನ್ನೆರಡಕ್ಕೆ ಚೆರಿ ಎತ್ತುತ್ತಾರೆ. ಅಲ್ಲಿಯವರೆಗೂ ಅವು ನೆಲದ ಮೇಲೆ ಅಡ್ಡ ಮಲಗಿರುತ್ತವೆ. ಒಬ್ಬ ಮುಂದಾಳು ಹೊರುವ ಚೌಕಟ್ಟಿನ ಮೇಲೆ ಹತ್ತಿ, ಬಣ್ಣ ಬಳಿದ ಮಣ್ಣಿನ ಹೂಜಿಯಿಂದ ಕಂಬ ಸೇರುವ ಜಾಗಕ್ಕೆ ನೀರು ಹೊಯ್ದ. ಮರುಕ್ಷಣ ಹೂಜಿಯನ್ನೇ ಎತ್ತಿ ಜನರ ಕಡೆ ಎಸೆದ. ಅದೇ ಗಳಿಗೆಗೆ ಕಂಬ ಎದ್ದು ನಿಂತಿತು. ನಾನು ಕಂಬ ನೋಡಲಾ, ಹೂಜಿ ನೋಡಲಾ? ಸುತ್ತ ಇದ್ದವರೆಲ್ಲ ಚೂರಿಗಾಗಿ ನೆಲಕ್ಕೆ ಬಿದ್ದರು. ನಮ್ಮಲ್ಲಿ ತೇರಿಗೆ ಬಾಳೆಹಣ್ಣು ಎಸೆಯುವಾಗ ತಲೆ ತಗ್ಗಿಸಿ ಅಭ್ಯಾಸ ನನಗೆ, ಇಲ್ಲಿ ಅದು ಉಪಯೋಗಕ್ಕೆ ಬಂತು. ಹೂಜಿಯ ಚೂರು ಸಿಕ್ಕರೆ ಅದೃಷ್ಟವಂತೆ. ಹುಡುಗನಿಗೆ ಉಗುರಿನಷ್ಟು ಸಿಕ್ಕಿತು. ನನಗೆ ಯಾರದೋ ಮೊಣಕೈ ಸಿಕ್ಕಿತು.

ಊಟ ಗೆಳೆಯನ ಅಜ್ಜಿಯ ಮನೆಯಲ್ಲಿ. ಸಂತ ತೀರಿಕೊಂಡ ದಿನದ ಮುನ್ನಾದಿನವಾದ್ದರಿಂದ ಮಾಂಸ ಇಲ್ಲ, ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನಿನ ಅಡುಗೆ. ಅವರದು ಆಂತೋನಿಯ ಮನೆ, ಎಲ್ಲರೂ ಕಪ್ಪು ಅಂಗಿ. ಮೊಮ್ಮಗ ಸಂಜೆ ಹೊರುವವನು, ಹಾಗಾಗಿ ಎರಡು ತುತ್ತು ತಿಂದು ಎದ್ದ. ನಾನು ಸುಮ್ನೆ ಇರಲಾರದೆ ಅಜ್ಜಿಯನ್ನು ಕೇಳಿದೆ, ಸಂಜೆ ಯಾರು ಗೆಲ್ತಾರೆ?

"ಉಬಾಲ್ದೋ."

"ಹೋದ ವರ್ಷ ಯಾರು ಗೆದ್ದಿದ್ದರು?"

"ಉಬಾಲ್ದೋ."

ಮುಂದಿನ ವರ್ಷದ್ದು ಕೇಳುವ ಮೊದಲೇ ಅಕ್ಕನ ಮಗ ಕನ್ನಡದಲ್ಲಿ, "ಚಿಕ್ಕಮ್ಮ, ಸಾಕು" ಅಂದ. ಆಮೇಲೆ ವಿವರಿಸಿದ. ಈ ಓಟದಲ್ಲಿ ಯಾರೂ ಯಾರನ್ನೂ ಹಿಂದೆ ಹಾಕುವಂತಿಲ್ಲ. ಮೊದಲು ಉಬಾಲ್ದೋ, ನಡುವೆ ಜಾರ್ಜ್, ಕೊನೆಗೆ ಆಂತೋನಿ. ಯಾವಾಗಲೂ ಅಷ್ಟೇ. ಮುಂದಿನದು ಬಿದ್ದರೆ ಹಿಂದಿನವು ನಿಂತು ಕಾಯಬೇಕು.

ಹಾಗಾದರೆ ಓಡೋದು ಯಾಕೆ? ಈ ಪ್ರಶ್ನೆಯನ್ನು ಅವನಿಂದಲೇ ಇಟಾಲಿಯನ್‌ನಲ್ಲಿ ಕೇಳಿಸಿದೆ. ಅಜ್ಜಿ ನನ್ನ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿ, "ಬೀಳಬಾರದು, ಅಂತರ ಬಿಡಬಾರದು" ಅಂದರು. ಅಷ್ಟೇ. ನನಗೆ ಅರ್ಥವಾಗಲಿಲ್ಲ. ಮೀನು ಮಾತ್ರ ಚೆನ್ನಾಗಿತ್ತು.

ಸಂಜೆ ಆರಕ್ಕೆ ಬಿಷಪ್ ಆಶೀರ್ವಾದ ಮಾಡುತ್ತಾರೆ, ಓಟ ಶುರು. ನಾವು ಇಳಿಜಾರಿನ ಒಂದು ಇಕ್ಕಟ್ಟು ಬೀದಿಯ ಗೋಡೆಗೆ ಅಂಟಿಕೊಂಡು ನಿಂತಿದ್ದೆವು. ಮೊದಲು ಜನರ ಕೂಗು ಬೀದಿ ತಿರುಗಿ ಬಂತು. ಆಮೇಲೆ ಮನೆಗಳ ಎರಡನೇ ಮಹಡಿಯ ಕಿಟಕಿ ಎತ್ತರದಲ್ಲಿ ಪುಟ್ಟ ಸಂತ ಕಾಣಿಸಿದ, ಅತ್ತಿತ್ತ ವಾಲಾಡುತ್ತಾ. ಅವನ ಕೆಳಗೆ ಹಳದಿ ಅಂಗಿಯ ಗುಂಪು, ನಮ್ಮ ಕಡೆಗೇ, ಪೂರ್ತಿ ವೇಗದಲ್ಲಿ. ನಮ್ಮ ತೇರನ್ನು ಎಳೆಯುತ್ತಾರೆ, ಮಧ್ಯೆ ನಿಲ್ಲಿಸಿ ಉಸಿರು ತಗೊಳ್ಳುತ್ತಾರೆ, ಗಾಲಿಗೆ ಸನ್ನೆ ಕೊಡುತ್ತಾರೆ. ಇಲ್ಲಿ ಗಾಲಿಯೇ ಇಲ್ಲ, ಭುಜ ಮಾತ್ರ. ಇಷ್ಟು ಭಾರ ಹೊತ್ತು ದೂರ ಓಡೋಕೆ ಯಾರಿಗೂ ಆಗಲ್ಲ, ಅದಕ್ಕೆ ಸ್ವಲ್ಪ ಸ್ವಲ್ಪ ದೂರಕ್ಕೆ ಹೊಸ ಜನ ಕಾಯುತ್ತಿರುತ್ತಾರೆ. ಕಂಬ ನಿಲ್ಲುವುದಿಲ್ಲ. ಓಡುತ್ತಿರುವಾಗಲೇ ಒಬ್ಬ ಭುಜ ತೂರಿಸುತ್ತಾನೆ, ಇನ್ನೊಬ್ಬ ಜಾರಿಕೊಳ್ಳುತ್ತಾನೆ. ಗೆಳೆಯ ವರ್ಷವೆಲ್ಲ ಕಾದ ಸರದಿ ಒಂದು ನಿಮಿಷಕ್ಕೂ ಕಡಿಮೆಯದು.

ಹಳದಿ ಹೋಯಿತು. ನೀಲಿ ಹೋಯಿತು. ಕಪ್ಪು ಬರುವಾಗ ಕಂಬ ಒಂದು ಮನೆಯ ಸೂರಿನ ಕಡೆಗೆ ಓರೆಯಾಯಿತು. ನನ್ನ ಪಕ್ಕದ ಹೆಂಗಸು ಏನೂ ಕೂಗಲಿಲ್ಲ, ನನ್ನ ತೋಳು ಹಿಡಿದುಕೊಂಡರು, ಅಷ್ಟೇ. ಬದಿಯಲ್ಲಿ ಓಡುತ್ತಿದ್ದವರು ಮೈಯೊಡ್ಡಿದರು, ಕಂಬ ನೆಟ್ಟಗಾಯಿತು. ಆಮೇಲೆ ಕೂಗಿದರು ನೋಡಿ! ಹೊರುವುದು ಗಂಡಸರೇ, ಅದು ವಾಡಿಕೆ. ಆದರೆ ಆ ದಿನ ಗಂಟಲು ಹರಿದುಕೊಂಡವರಲ್ಲಿ ಹೆಂಗಸರೇ ಜಾಸ್ತಿ. ಅವರಿಗೂ ಭುಜ ಕೊಡುವ ಆಸೆ ಇರಲ್ವಾ ಅಂತ ನನಗೆ ಅನಿಸಿತು. ಕೇಳುವ ಧೈರ್ಯ ಬರಲಿಲ್ಲ.

ದಾರಿ ಒಟ್ಟು ನಾಲ್ಕು ಕಿಲೋಮೀಟರಿಗಿಂತ ಜಾಸ್ತಿ. ಚೌಕದಲ್ಲಿ ಮೂರು ಸುತ್ತು, ನಂತರ ಊರ ಬಾಗಿಲು ದಾಟಿ ಬೆಟ್ಟದ ತಿರುವುಗಳು. ಬಸಿಲಿಕಾ ಊರಿಗಿಂತ ಸುಮಾರು 300 ಮೀಟರ್ ಎತ್ತರದಲ್ಲಿದೆ. ಮೇಲೆ ಇನ್ನೊಂದು ಆಟವಿದೆ. ಉಬಾಲ್ದೋ ಒಳಗೆ ಹೊಕ್ಕ ಕೂಡಲೇ ಹಳದಿಯವರು ಬಾಗಿಲು ಹಾಕಿಬಿಡಲು ನೋಡುತ್ತಾರೆ. ಮುಚ್ಚುವ ಮೊದಲು ಒಳಗೆ ನುಗ್ಗಬೇಕು ಅಂತ ನೀಲಿಯವರು ಅವರ ಬೆನ್ನಿಗೇ ಇರುತ್ತಾರೆ. ಅಜ್ಜಿ ಹೇಳಿದ ಅಂತರ ಏನು ಅಂತ ಆಗ ಹೊಳೆಯಿತು. ಹಿಂದಿನವನು ಹತ್ತಿರ ಇದ್ದಷ್ಟೂ ಮುಂದಿನವನು ಓಡಲೇಬೇಕು.

ಆ ಬಾಗಿಲನ್ನು ನಾವು ನೋಡಲಿಲ್ಲ. ಅಷ್ಟು ಜನರ ನಡುವೆ ನನ್ನ ಮಂಡಿ ಬೆಟ್ಟ ಹತ್ತಲು ಒಪ್ಪಲಿಲ್ಲ. ಕೆಳಗೇ ಒಂದು ಮೆಟ್ಟಿಲ ಮೇಲೆ ಕೂತು ಕಾದೆವು.

ಕಂಬಗಳು ಮೇಲೆಯೇ ಉಳಿಯುತ್ತವೆ. ಕತ್ತಲಾದ ಮೇಲೆ ಪುಟ್ಟ ಮೂರ್ತಿಗಳನ್ನು ಮಾತ್ರ ಪಂಜು ಹಿಡಿದು, ಹಾಡುತ್ತಾ ಕೆಳಗೆ ತರುತ್ತಾರೆ. ಮೂರೂ ಬಣ್ಣ ಕಲಸಿಹೋಗಿತ್ತು, ಹಳದಿಯವನ ಹೆಗಲ ಮೇಲೆ ಕಪ್ಪಿನವನ ಕೈ.

ಗೆಳೆಯ ಮನೆಗೆ ಬಂದಾಗ ಹನ್ನೊಂದು ದಾಟಿತ್ತು. ದನಿ ಪೂರ್ತಿ ಹೋಗಿತ್ತು. ಅಂಗಿಯ ಭುಜ ಹರಿದು, ಕೆಳಗೆ ಚರ್ಮ ಕೆಂಪಗೆ ಕಿತ್ತಿತ್ತು. ಅಜ್ಜಿ ಬಾಗಿಲಲ್ಲೇ ನಿಲ್ಲಿಸಿ ಒಂದೇ ಮಾತು ಕೇಳಿದರು. ಅದನ್ನು ಯಾರೂ ನನಗೆ ಅನುವಾದ ಮಾಡಿ ಹೇಳಬೇಕಾಗಲಿಲ್ಲ. ಅವನು ಇಲ್ಲ ಅಂತ ತಲೆಯಾಡಿಸಿದ. ಅಜ್ಜಿ ಮೀನು ಬಿಸಿ ಮಾಡಲು ಒಳಗೆ ಹೋದರು.