ಲಿನೋ ಅಚ್ಚಿನ ಸರಣಿ: ಮುಂದಿನ ಸಾಲಿನ ತಾಯಂದಿರನ್ನು ಕೆತ್ತುತ್ತಾ

ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಆರಾಧನೆಯನ್ನು ಹೊತ್ತು ನಡೆಸಿದ ಹೆಂಗಸರ ಸರಣಿಯಲ್ಲಿ ಜರೀನಾ ಲೀ ಅವರ ಅಚ್ಚು ಮುಗಿದಿದೆ. ಲಿನೋ ಎಂದರೆ ಮೆತ್ತನೆಯ ಲಿನೋಲಿಯಂ ಹಾಳೆ; ಅದನ್ನು ಕೆತ್ತಿ, ಉಳಿದ ಮೇಲ್ಮೈಗೆ ಇಂಕು ಹಚ್ಚಿ ಕಾಗದಕ್ಕೆ ಒತ್ತುತ್ತೇನೆ. ಪ್ರತಿಗಳು ಹಗ್ಗದ ಮೇಲೆ ಒಣಗುತ್ತಿವೆ.

1809ರ ಸುಮಾರಿಗೆ ಫಿಲಡೆಲ್ಫಿಯಾದಲ್ಲಿ ಅವರು, ಮುಂದೆ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚನ್ನು ಸ್ಥಾಪಿಸಿದ ಪಾದ್ರಿ ರಿಚರ್ಡ್ ಆಲನ್ ಬಳಿ ಹೋಗಿ, ಪ್ರಸಂಗ (ಚರ್ಚಿನಲ್ಲಿ ಧರ್ಮೋಪದೇಶ) ಮಾಡಲು ದೇವರ ಕರೆ ಬಂದಿದೆ ಎಂದರು. ಮೆಥಡಿಸ್ಟ್ ಕಟ್ಟಳೆಯಲ್ಲಿ ಅದಕ್ಕೆ ಜಾಗವಿಲ್ಲ ಎಂಬ ಉತ್ತರ ಬಂತು. ವರ್ಷಗಳ ನಂತರ ಆಲನ್ನರ ಬೆತೆಲ್ ಚರ್ಚಿನಲ್ಲಿ ಬೈಬಲಿನ ಪ್ರವಾದಿ ಯೋನನ ಮೇಲೆ ಪ್ರಸಂಗ ಮಾಡುತ್ತಿದ್ದವರ ಮಾತು ಸೊರಗಿದಾಗ, ಲೀ ಎದ್ದು ನಿಂತು ಅದೇ ವಚನವನ್ನು ಹಿಡಿದು ಮಾತಾಡಿದರು. ಹೊರಗೆ ಹಾಕುತ್ತಾರೆಂದು ಹೆದರಿ ಕೂತಾಗ, ಅಷ್ಟರಲ್ಲಿ ಬಿಷಪ್ ಆಗಿದ್ದ ಆಲನ್ನರೇ ಎದ್ದು ಅವರ ಕರೆ ನಿಜವೆಂದು ಸಭೆಗೆ ಹೇಳಿದರು. ಮುಂದೆ ಒಂದೇ ವರ್ಷದಲ್ಲಿ 2,325 ಮೈಲಿ ತಿರುಗಿ 178 ಪ್ರಸಂಗ ಮಾಡಿದ ಹೆಂಗಸು ಇವರು. ಅದಕ್ಕೇ ಅವರನ್ನು ನಿಂತ ಭಂಗಿಯಲ್ಲೇ ಕೆತ್ತಿದೆ.

ಈಗ ಕೈಯಲ್ಲಿರುವುದು ‘ಮದರ್ಸ್ ಬೋರ್ಡ್’. ಎಷ್ಟೋ ಚರ್ಚುಗಳಲ್ಲಿ ತಿಂಗಳ ಮೊದಲ ಭಾನುವಾರ, ಯೇಸುವಿನ ಕೊನೆಯ ಊಟವನ್ನು ನೆನೆಯುವ ಕರ್ತನ ಭೋಜನದ ದಿನ, ಹಿರಿಯ ತಾಯಂದಿರು ಅಡಿಯಿಂದ ಮುಡಿಯವರೆಗೆ ಬಿಳಿ ತೊಟ್ಟು ಮುಂದಿನ ಬೆಂಚಿನಲ್ಲಿ ಕೂರುತ್ತಾರೆ. ಲಿನೋದಲ್ಲಿ ಬಿಳಿ ಬೇಕೆಂದರೆ ಅಷ್ಟೂ ಜಾಗವನ್ನು ಕೆತ್ತಿ ತೆಗೆಯಬೇಕು. ಬಿಳಿ ಟೋಪಿ, ಬಿಳಿ ಕೈಗವಸು, ಬಿಳಿ ಲಂಗ ಒಂದಕ್ಕೊಂದು ತಾಗಿದ ಕಡೆ ನೂಲಿನಷ್ಟು ಗೆರೆ ಮಾತ್ರ ಉಳಿಸುತ್ತಿದ್ದೇನೆ; ಉಳಿ ಸ್ವಲ್ಪ ಜಾರಿದರೂ ಇಬ್ಬರು ಒಬ್ಬರಾಗುತ್ತಾರೆ. ಭೋಜನದ ಮೇಜಿನ ಬಟ್ಟೆಗೆ ಇಸ್ತ್ರಿಯ ಮಡಿಕೆ ಬೇಕೇ ಬೇಕು. ಅದನ್ನು ಒಗೆದು, ಇಸ್ತ್ರಿ ಮಾಡಿ, ಹಾಸುವುದು ಹೆಂಗಸರದೇ ಕೆಲಸ, ಅವರ ಹಕ್ಕು ಕೂಡ.

ಪ್ರಸಂಗಪೀಠವನ್ನು ಚಿತ್ರದಿಂದ ತೆಗೆದೇಬಿಟ್ಟೆ. ಕಪ್ಪು ಜನರ ದೊಡ್ಡ ಪೆಂಟೆಕೋಸ್ಟಲ್ ಪಂಗಡವಾದ ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್ ಹೆಂಗಸರಿಗೆ ಸಭಾಪಾಲಕರ ದೀಕ್ಷೆ ಕೊಡುವುದನ್ನು ಅಧಿಕೃತವಾಗಿ ಒಪ್ಪಿಲ್ಲ. ಆದರೆ 1911ರಲ್ಲಿ ಮಹಿಳಾ ವಿಭಾಗದ ಹೊಣೆ ಹೊತ್ತ ಲಿಜ್ಜಿ ರಾಬಿನ್ಸನ್ ಪ್ರಾರ್ಥನಾ ತಂಡ, ಹೊಲಿಗೆ ತಂಡಗಳನ್ನು ಊರೂರಲ್ಲಿ ಕಟ್ಟಿದರು. ಆ ಸಭೆಯಲ್ಲಿ ‘ಮದರ್’ ಎನ್ನುವುದು ಬರೀ ಗೌರವದ ಕರೆಯಲ್ಲ, ಅದೊಂದು ಸ್ಥಾನ. ಇಂಥವರನ್ನು ‘ಸಹಾಯಕಿಯರು’ ಎಂದು ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಹಾಗಂತ ಪೀಠ ಕೊಡದಿರುವುದು ಸರಿ ಎಂದೂ ಅಲ್ಲ.

ನ್ಯಾನಿ ಹೆಲೆನ್ ಬರೋಸ್ ಅವರ ಕರಡು ಪೆನ್ಸಿಲಿನಲ್ಲಿದೆ. 1900ರಲ್ಲಿ ರಿಚ್ಮಂಡಿನ ಬ್ಯಾಪ್ಟಿಸ್ಟ್ ಸಮಾವೇಶದಲ್ಲಿ, ಸೋದರಿಯರಿಗೆ ಅಡ್ಡಿಯಾಗುತ್ತಿರುವುದೇನು ಎಂದು ಮಾತಾಡಿದ ಎಳೆ ಹುಡುಗಿ. ಮುಂದೆ ಚರ್ಚುಗಳಲ್ಲಿ ‘ವಿಮೆನ್ಸ್ ಡೇ’ ಆಚರಣೆ ತಂದವರೂ ಇವರೇ.

ಕೊನೆಯದು ವಾಷ್ಟಿ ಮರ್ಫಿ ಮೆಕೆಂಜಿ. ಲೀ ಅವರದೇ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚಿನಲ್ಲಿ 2000ದಲ್ಲಿ ಆಯ್ಕೆಯಾದ ಮೊದಲ ಮಹಿಳಾ ಬಿಷಪ್. ಅದೊಂದಕ್ಕೆ ಮಾತ್ರ ಕಪ್ಪಿನ ಜೊತೆ ಬಿಷಪ್ಪರ ಬಣ್ಣವಾದ ನೇರಳೆ ಇಂಕು ಬಳಸುವ ಮನಸ್ಸಿದೆ. ಎರಡನೇ ಬಣ್ಣಕ್ಕೆ ಬೇರೆ ಹಲಗೆ ಕೆತ್ತಬೇಕು, ಶೀಟ್ ತರಿಸಿದ್ದೇನೆ.