ಸೂಪರ್ ಫ್ಯಾಮಿಕಾಮ್‌ಗಾಗಿ ಮಂಗಳೂರಿನಲ್ಲಿ ಅಡಾಪ್ಟರ್ ಹುಡುಕಿದ್ದು

ಹಡಗಿನಲ್ಲಿ ಕೆಲಸ ಮಾಡುವ ನನ್ನ ಭಾವ ಕಳೆದ ರಜೆಯಲ್ಲಿ ಊರಿಗೆ ಬಂದಾಗ, ಯೊಕೊಹಾಮಾದ ಹಳೆ ಸಾಮಾನುಗಳ ಅಂಗಡಿಯೊಂದರಲ್ಲಿ ಕೊಂಡಿದ್ದ ಸೂಪರ್ ಫ್ಯಾಮಿಕಾಮ್ ಒಂದನ್ನು ನನಗೆ ತಂದುಕೊಟ್ಟರು. ನಿಂಟೆಂಡೊ ಕಂಪನಿ 1990ರ ನವೆಂಬರಿನಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಈ ಗೇಮ್ ಯಂತ್ರದೊಂದಿಗೆ ಅದರ ಮೂಲ ಅಡಾಪ್ಟರ್ ಕೂಡ ಇತ್ತು. ಎರಡು ಚಪ್ಪಟೆ ಪಿನ್ನುಗಳ ಆ ಅಡಾಪ್ಟರನ್ನು ನಮ್ಮ ಮನೆಯ ಸ್ಪೈಕ್ ಬಾಕ್ಸಿನ ಬಳಿ ಹಿಡಿದು ಭಾವ, “ಪಿನ್ನು ಸರಿಯಾಗಿ ಕೂರುತ್ತದೆ ಮಾರಾಯ, ಹಾಕಿ ನೋಡುವ” ಎಂದರು. ಎಲ್ಲ ದೇಶಗಳ ಪಿನ್ನುಗಳನ್ನೂ ಒಳಗೆ ಬಿಟ್ಟುಕೊಳ್ಳುವ ಇಂಥ ಸಾಕೆಟ್ಟುಗಳಷ್ಟು ಮೋಸಗೊಳಿಸುವ ವಸ್ತು ಬೇರೊಂದಿಲ್ಲವೆಂದು ನಾನು ಬಲ್ಲೆ. ಕಾಲೇಜಿನ ದಿನಗಳಲ್ಲಿ ಜಪಾನಿನ ಟೇಪ್ ರೆಕಾರ್ಡರೊಂದನ್ನು ಹೀಗೆಯೇ ಸಿಕ್ಕಿಸಿ, ಕ್ಯಾಸೆಟ್ ಹಾಕುವ ಮೊದಲೇ ಹೊಗೆ ಬರಿಸಿದವನು ನಾನು.

ಅಡಾಪ್ಟರಿನ ಬೆನ್ನ ಮೇಲೆ ಎಚ್‌ವಿಸಿ-002 ಎಂಬ ಮಾದರಿಯ ಹೆಸರಿನೊಂದಿಗೆ, ಒಳಬರುವ ವಿದ್ಯುತ್ತು ಎಸಿ 100 ವೋಲ್ಟ್, ಹೊರಹೋಗುವುದು ಡಿಸಿ 10 ವೋಲ್ಟ್, 850 ಮಿಲಿಆಂಪಿಯರ್ ಎಂದು ಬರೆದಿದೆ. ನಮ್ಮಲ್ಲಿ ಬರುವುದು 230 ವೋಲ್ಟ್. ಈ ಹಳೆಯ ಅಡಾಪ್ಟರಿನೊಳಗಿರುವುದು ಕಬ್ಬಿಣದ ತಿರುಳಿಗೆ ತಾಮ್ರದ ತಂತಿ ಸುತ್ತಿದ ಸಾದಾ ಟ್ರಾನ್ಸ್‌ಫಾರ್ಮರ್ ಆದ್ದರಿಂದ, ಎರಡು ಪಟ್ಟಿಗಿಂತ ಹೆಚ್ಚು ಒತ್ತಡ ಬಿದ್ದಾಗ ಅದರ ತಿರುಳು ಹೊರಲಾರದೆ, ಸುರುಳಿಯಲ್ಲಿ ಮಿತಿಮೀರಿ ವಿದ್ಯುತ್ತು ಹರಿದು, ತಂತಿಯ ಮೇಲಿನ ಲೇಪವೇ ಸುಟ್ಟುಹೋಗುತ್ತದೆ. ಸುಡುವ ಮುನ್ನ ಅದು ಯಂತ್ರಕ್ಕೆ ಕಳಿಸುವುದು 10 ವೋಲ್ಟ್ ಅಲ್ಲ, ಅದರ ಎರಡು ಪಟ್ಟಿಗೂ ಮೀರಿದ್ದು.

230ರಿಂದ 110ಕ್ಕೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೊಂಡರೆ ಮೂಲ ಅಡಾಪ್ಟರನ್ನೇ ಬಳಸಬಹುದಲ್ಲ ಎಂಬ ಯೋಚನೆ ಬಂದಿತ್ತು. ಆದರೆ 110 ಎಂಬುದು 100ಕ್ಕಿಂತ ಆಗಲೇ ಹತ್ತು ಶೇಕಡಾ ಹೆಚ್ಚು, ಮತ್ತು ರಾತ್ರಿ ಹೊತ್ತು ಲೈನಿನಲ್ಲಿ 245 ವೋಲ್ಟ್ ಬಂದರೆ ಅದು 117 ಆಗುತ್ತದೆ. ವಿದ್ಯುತ್ ಪೂರೈಕೆಯ ಭಾಗವು ಯಂತ್ರದ ಒಳಗೇ ಇರುವ ಜಪಾನಿನ ಪ್ಲೇಸ್ಟೇಷನ್ನಿನಂಥವುಗಳಿಗೆ 100 ವೋಲ್ಟಿನ ಸರಿಯಾದ ಟ್ರಾನ್ಸ್‌ಫಾರ್ಮರ್ ಬೇಕೇಬೇಕು. ಅಡಾಪ್ಟರ್ ಹೊರಗಿರುವ ಯಂತ್ರಕ್ಕೆ ಅಡಾಪ್ಟರನ್ನೇ ಬದಲಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಹಂಪನಕಟ್ಟೆಯ ಸುತ್ತಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಯಂತ್ರವನ್ನು ತೋರಿಸಿದಾಗ ಎಲ್ಲರೂ ಕೈಗಿತ್ತದ್ದು ಸಿಸಿಟಿವಿಗೂ ವೈಫೈ ರೌಟರಿಗೂ ಬಳಸುವ 12 ವೋಲ್ಟಿನ ಅಡಾಪ್ಟರನ್ನು. ಹೊರ ಅಳತೆ 5.5 ಮಿಲಿಮೀಟರ್, ಒಳ ಅಳತೆ 2.1 ಇರುವ ಅದರ ದುಂಡು ಪಿನ್ನು ಸೂಪರ್ ಫ್ಯಾಮಿಕಾಮಿನ ಹಿಂಬದಿಗೆ ಹೇಳಿ ಮಾಡಿಸಿದಂತೆ ಕೂರುತ್ತದೆ. ಆದರೆ ಇಂದಿನ ಬಹುತೇಕ ಅಡಾಪ್ಟರುಗಳಲ್ಲಿ ಪಿನ್ನಿನ ನಡುವಿನ ತೂತು ಪ್ಲಸ್, ಹೊರಮೈ ಮೈನಸ್; ಸೂಪರ್ ಫ್ಯಾಮಿಕಾಮಿಗೆ ಬೇಕಾದದ್ದು ಇದಕ್ಕೆ ತಿರುವುಮುರುವು, ಅಂದರೆ ಸೆಂಟರ್ ನೆಗೆಟಿವ್. ಲೇಬಲ್ಲಿನ ಮೇಲೆ ನಡುವಿನ ಚುಕ್ಕೆಯನ್ನು ಅರ್ಧಚಂದ್ರದಂಥ ಗೆರೆ ಬಳಸಿರುವ ಸಣ್ಣ ಚಿತ್ರವೊಂದಿರುತ್ತದೆ; ಆ ಚುಕ್ಕೆಗೆ ಸೇರಿದ ಗೆರೆಯ ತುದಿಯಲ್ಲಿ ಮೈನಸ್ ಇದೆಯೇ ಎಂದು ನೋಡಬೇಕು. ನಾನು ಕೇಳಿದ ಒಂದು ಅಂಗಡಿಯವರಿಗೂ ಈ ಚಿತ್ರವನ್ನು ನೋಡುವ ಅಭ್ಯಾಸವಿದ್ದಂತೆ ಕಾಣಲಿಲ್ಲ.

ವೋಲ್ಟೇಜಿನ ವಿಷಯದಲ್ಲೂ ‘ಎರಡು ವೋಲ್ಟ್ ಹೆಚ್ಚಾದರೆ ಏನಾಯಿತು’ ಎನ್ನುವಂತಿಲ್ಲ. ಯಂತ್ರದ ಒಳಗಿರುವ 7805 ಮಾದರಿಯ ರೆಗ್ಯುಲೇಟರ್, ಬಂದ ಒತ್ತಡವನ್ನು 5 ವೋಲ್ಟಿಗೆ ಇಳಿಸಿ, ಮಿಕ್ಕದ್ದನ್ನೆಲ್ಲ ಬಿಸಿಯಾಗಿ ಹೊರಹಾಕುತ್ತದೆ. 850 ಮಿಲಿಆಂಪಿಯರ್ ಪೂರ್ತಿ ಹರಿಯುವಾಗ 10 ವೋಲ್ಟಿನಲ್ಲಿ ಅದು 4.25 ವಾಟ್, 12 ವೋಲ್ಟಿನಲ್ಲಿ ಸುಮಾರು 6 ವಾಟ್, 9 ವೋಲ್ಟಿನಲ್ಲಿ ಬರೀ 3.4 ವಾಟ್. ಈ ರೆಗ್ಯುಲೇಟರಿಗೆ ಒಳಗೆ ಸುಮಾರು 7 ವೋಲ್ಟ್ ಬಂದರೆ ಸಾಕಾಗುವುದರಿಂದ, 9 ವೋಲ್ಟ್ ಕಡಿಮೆಯೇನಲ್ಲ; ಏಪ್ರಿಲ್ ತಿಂಗಳ ಮಂಗಳೂರಿನ ಸೆಕೆಯಲ್ಲಿ ಅದೇ ಹಿತ. ಆಂಪಿಯರ್ ಮಾತ್ರ 850 ಮಿಲಿಗಿಂತ ಕಡಿಮೆ ಇರಬಾರದು. ಹೆಚ್ಚಿದ್ದರೆ ತೊಂದರೆಯಿಲ್ಲ, ಯಂತ್ರವು ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ.

ಕೊನೆಗೆ ನನಗೆ ಬೇಕಾದದ್ದು ದೊರೆತದ್ದು ಸಂಗೀತ ವಾದ್ಯಗಳ ಅಂಗಡಿಯಲ್ಲಿ. ಗಿಟಾರಿನ ದನಿಯನ್ನು ಬದಲಿಸಲು ಕಾಲಿನಿಂದ ಒತ್ತುವ ಎಫೆಕ್ಟ್ ಪೆಡಲುಗಳು ಬಹುಪಾಲು 9 ವೋಲ್ಟ್, ಸೆಂಟರ್ ನೆಗೆಟಿವ್, ಇದೇ ಅಳತೆಯ ಪಿನ್ನಿನವು. ಗಿಟಾರ್ ನುಡಿಸುವವರಿಗೆ ಕೊರತೆಯಿಲ್ಲದ ನಮ್ಮ ಊರಿನಲ್ಲಿ ಅವುಗಳ ಅಡಾಪ್ಟರಿಗೂ ಕೊರತೆಯಿಲ್ಲ. ಅಂಗಡಿಯವರು ಮೊದಲು ತೋರಿಸಿದ್ದು 500 ಮಿಲಿಆಂಪಿಯರಿನದಾಗಿದ್ದರಿಂದ ಅದನ್ನು ಬಿಟ್ಟು, 100ರಿಂದ 240 ವೋಲ್ಟಿನವರೆಗೆ ತಡೆದುಕೊಳ್ಳುವ, 1 ಆಂಪಿಯರಿನ, ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತೂ ನೋಂದಣಿ ಸಂಖ್ಯೆಯೂ ಇರುವ ಒಂದನ್ನು ಆರಿಸಿಕೊಂಡೆ. ಈ ಗುರುತಿನ ವಿಷಯದಲ್ಲಿ ನಾನು ಹಟಮಾರಿ. ಕಳಪೆ ಅಡಾಪ್ಟರಿನಲ್ಲಿ 230 ವೋಲ್ಟಿನ ಕಡೆಗೂ 9 ವೋಲ್ಟಿನ ಕಡೆಗೂ ನಡುವಿನ ಅಂತರ ಇರಬೇಕಾದಷ್ಟು ಇರದೆ ಹೋಗಬಹುದು. ಮಳೆಗಾಲದಲ್ಲಿ ಗೋಡೆಯೇ ಬೆವರುವ ಈ ಕರಾವಳಿಯಲ್ಲಿ ಆ ಅಂತರ ಸೋತರೆ ಅದರ ಇನ್ನೊಂದು ತುದಿ ಇರುವುದು ಕಂಟ್ರೋಲರ್ ಹಿಡಿದ ಮಗುವಿನ ಕೈಯಲ್ಲಿ.

ಮನೆಗೆ ಬಂದು, ಯಂತ್ರಕ್ಕೆ ಸಿಕ್ಕಿಸುವ ಮೊದಲು ಮಲ್ಟಿಮೀಟರಿನ ಕೆಂಪು ಕಡ್ಡಿಯನ್ನು ಪಿನ್ನಿನ ತೂತಿಗೂ ಕಪ್ಪು ಕಡ್ಡಿಯನ್ನು ಹೊರಮೈಗೂ ಮುಟ್ಟಿಸಿದೆ. ಮೀಟರು −9.1 ಎಂದು ತೋರಿಸಿತು. ಆ ಮೈನಸ್ ಚಿಹ್ನೆಯನ್ನು ಕಂಡು ಇಷ್ಟು ಸಂತೋಷಪಟ್ಟವನು ನಾನೊಬ್ಬನೇ ಇರಬೇಕು. ಒಂದು ಗಂಟೆ ಆಡಿದ ಮೇಲೆ ಅಡಾಪ್ಟರ್ ಉಗುರುಬೆಚ್ಚಗಿತ್ತು, ಅಷ್ಟೆ. ಗುಡುಗು ಕೇಳಿಸಿದರೆ ಸ್ವಿಚ್ ಆರಿಸಿ ಸುಮ್ಮನಾಗದೆ ಅಡಾಪ್ಟರನ್ನೇ ಕಿತ್ತಿಡುವುದು ಈಗ ಮನೆಯ ರೂಢಿ.

ಹೊರದೇಶದ ಯಂತ್ರವೆಂದರೆ ಎಲ್ಲವೂ ಒಂದೇ ಅಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ನಿಂಟೆಂಡೊದ್ದೇ ಅಮೆರಿಕದ ಎನ್‌ಇಎಸ್ ಯಂತ್ರದ ಅಡಾಪ್ಟರ್ ಕೊಡುವುದು 9 ವೋಲ್ಟ್ ಎಸಿ. ಅದನ್ನು ಡಿಸಿಗೆ ತಿರುಗಿಸುವ ಭಾಗ ಎನ್‌ಇಎಸ್‌ನ ಒಳಗಿದೆ, ಅದರ ಜಪಾನಿ ರೂಪವಾದ ಫ್ಯಾಮಿಕಾಮಿನಲ್ಲಿಲ್ಲ, ಆದ್ದರಿಂದ ಎನ್‌ಇಎಸ್ ಅಡಾಪ್ಟರನ್ನು ಫ್ಯಾಮಿಕಾಮಿಗೆ ಸಿಕ್ಕಿಸಿದರೆ ಯಂತ್ರ ಕೆಡುತ್ತದೆ. ಇನ್ನೊಂದು ಗೇಮ್ ಕಂಪನಿಯಾದ ಸೆಗಾದ ಮೆಗಾ ಡ್ರೈವ್ ಯಂತ್ರದ ಮೊದಲ ಮಾದರಿ 9 ವೋಲ್ಟ್, ಸೆಂಟರ್ ನೆಗೆಟಿವ್. ಎರಡನೆಯದು 10 ವೋಲ್ಟ್, ಸೆಂಟರ್ ಪಾಸಿಟಿವ್, ಪಿನ್ನಿನ ಅಳತೆಯೂ ಬೇರೆ.

ಮೊನ್ನೆ ಭಾವ ಫೋನು ಮಾಡಿ, ಇನ್ನೊಂದು ಅಂಗಡಿಯಲ್ಲಿ ಮೆಗಾ ಡ್ರೈವ್ ಕಂಡೆ, ತರಬೇಕೇ ಎಂದು ಕೇಳಿದರು. ತನ್ನಿ ಭಾವ, ಆದರೆ ಅದರ ಹೊಟ್ಟೆಯಡಿಯ ಲೇಬಲ್ಲಿನ ಫೋಟೊ ಮೊದಲು ಕಳಿಸಿ ಎಂದಿದ್ದೇನೆ.